ಬೇಸ್ ಮುಟ್ಟದ ಹೋಮ್ ರನ್ ಲೆಕ್ಕಕ್ಕೆ ಬರಬೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸ್‌ಬಾಲ್‌ನಲ್ಲಿ ಹೋಮ್ ರನ್ ಎಂದರೆ ಚೆಂಡನ್ನು ಗೋಡೆಯಾಚೆ ಹೊಡೆದು ನಾಲ್ಕು ಬೇಸ್ ಸುತ್ತಿ ಗಳಿಸುವ ರನ್; ಕೊನೆಯ ಬೇಸೇ ಹೋಮ್ ಪ್ಲೇಟ್. 1998ರ ಸೆಪ್ಟೆಂಬರ್ 8ರಂದು ಮಾರ್ಕ್ ಮೆಕ್‌ಗ್ವಾಯರ್ ಹೊಡೆದ ಆ ಋತುವಿನ 62ನೇ ಹೋಮ್ ರನ್ನಿನ ವಿಡಿಯೊ ನೋಡಿದವರು ಬೇಗನೆ ಒಂದು ಪ್ರಶ್ನೆಗೆ ಬರುತ್ತಾರೆ: ಫಸ್ಟ್ ಬೇಸ್ ಮುಟ್ಟದೆ ದಾಟಿದರಲ್ಲ, ಅದು ತಪ್ಪಲ್ಲವೆ? ಅಲ್ಲಿಂದ ಮಾತು ರಾಬಿನ್ ವೆಂಚುರಾ, ಜೋ ಆಡ್‌ಕಾಕ್, ಲೂ ಗೆಹ್ರಿಗ್ ಎಂದು ಹಬ್ಬುತ್ತದೆ. ನಿಯಮ ಏನು ಹೇಳುತ್ತದೆ, ಯಾವ ಪ್ರಸಂಗದಲ್ಲಿ ಏನಾಯಿತು, ನಮ್ಮ ನಿಲುವೇನು ಎಂಬುದೆಲ್ಲ ಕೆಳಗಿದೆ. ಬೇರೆ ಮಾತಿಲ್ಲದ ಕಡೆ ನಿಯಮಗಳು ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನವು.

ಮೆಕ್‌ಗ್ವಾಯರ್ ಹೋಮ್ ರನ್ನಿನಲ್ಲಿ ನಿಜವಾಗಿ ಆಗಿದ್ದೇನು?

ನ್ಯೂಯಾರ್ಕ್ ಯಾಂಕೀಸ್‌ನ ರೋಜರ್ ಮ್ಯಾರಿಸ್ 1961ರಲ್ಲಿ ಒಂದೇ ಋತುವಿನಲ್ಲಿ 61 ಹೋಮ್ ರನ್ ಹೊಡೆದಿದ್ದರು. ಆ ದಾಖಲೆ 37 ವರ್ಷ ಅಲುಗಾಡಲಿಲ್ಲ. 1998ರ ಸೆಪ್ಟೆಂಬರ್ 7ರಂದು ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಮೆಕ್‌ಗ್ವಾಯರ್ 61ಕ್ಕೆ ಬಂದು ನಿಂತರು. ಮರುದಿನವೂ ಅದೇ ಬುಷ್ ಸ್ಟೇಡಿಯಂ, ಎದುರಿಗೆ ಅದೇ ಶಿಕಾಗೊ ಕಬ್ಸ್. ನಾಲ್ಕನೇ ಇನಿಂಗ್‌ನಲ್ಲಿ ಸ್ಟೀವ್ ಟ್ರ್ಯಾಕ್ಸೆಲ್ ಎಸೆದ ಚೆಂಡನ್ನು ಅವರು ಎಡಗಡೆಯ ಗೋಡೆಯ ಕಡೆ ಬಾರಿಸಿದರು. ಚೆಂಡು ಗೋಡೆಯನ್ನು ಇನ್ನೇನು ಸವರಿತು ಎನ್ನುವಂತೆ ಆಚೆ ಬಿತ್ತು. ದೂರ 341 ಅಡಿ. ಆ ವರ್ಷ ಅವರು ಹೊಡೆದ 70 ಹೋಮ್ ರನ್ನುಗಳಲ್ಲಿ ಎಲ್ಲಕ್ಕಿಂತ ಗಿಡ್ಡದ್ದು ಇದೇ.

ಫಸ್ಟ್ ಬೇಸ್ ಹತ್ತಿರ ಬರುವಷ್ಟರಲ್ಲಿ ದಾಖಲೆ ಮುರಿದದ್ದು ಖಾತ್ರಿಯಾಗಿತ್ತು. ಅಲ್ಲಿ ನಿಂತಿದ್ದ ಕೋಚ್ ಡೇವ್ ಮೆಕೇ ಕಡೆಗೆ ಸಂಭ್ರಮದಲ್ಲಿ ಹಾರುವ ಭರದಲ್ಲಿ ಕಾಲು ಬೇಸಿನ ಮೇಲೆ ಬೀಳಲೇ ಇಲ್ಲ. ಮೆಕೇ ತಕ್ಷಣ ಎಚ್ಚರಿಸಿದರು. ಮೆಕ್‌ಗ್ವಾಯರ್ ಹಿಂದಕ್ಕೆ ಬಂದು ಬೇಸ್ ಮುಟ್ಟಿ ಸುತ್ತು ಮುಂದುವರಿಸಿದರು. ದಾರಿಯುದ್ದಕ್ಕೂ ಕಬ್ಸ್ ಆಟಗಾರರೇ ಅಭಿನಂದಿಸಿದರು. ಪಂದ್ಯವನ್ನು ಕಾರ್ಡಿನಲ್ಸ್ 6-3ರಿಂದ ಗೆದ್ದಿತು.

ಅಂದರೆ, ಅವರು ಬೇಸ್ ಮುಟ್ಟದೇ ಹೋಮ್ ರನ್ ಪಡೆದರು ಎನ್ನುವುದು ತಪ್ಪು. ತಪ್ಪಿದ್ದು ನಿಜ, ಸರಿಪಡಿಸಿಕೊಂಡಿದ್ದೂ ನಿಜ.

ಚೆಂಡು ಗೋಡೆ ದಾಟಿದ ಮೇಲೆ ಓಡುವುದಾದರೂ ಯಾಕೆ? ಸಿಕ್ಸರ್ ಹೊಡೆದವರು ಓಡುವುದಿಲ್ಲವಲ್ಲ?

ಎಲ್ಲ ಗೊಂದಲದ ಬೇರು ಇಲ್ಲಿದೆ. ಕ್ರಿಕೆಟ್‌ನಲ್ಲಿ ಚೆಂಡು ಗೆರೆಯಾಚೆ ಬಿದ್ದ ಕೂಡಲೇ 6 ರನ್ ಬಂದಾಯಿತು. ಬ್ಯಾಟರ್ ನಿಂತಲ್ಲೇ ನಿಂತರೂ ರನ್ ಅವರದೇ. ಬೇಸ್‌ಬಾಲ್‌ನಲ್ಲಿ ಚೆಂಡು ಗೋಡೆ ದಾಟಿದರೆ ಸಿಗುವುದು ರನ್ ಅಲ್ಲ, ಔಟಾಗುವ ಭಯವಿಲ್ಲದೆ ನಾಲ್ಕು ಬೇಸ್ ಸುತ್ತುವ ಹಕ್ಕು. ಸುತ್ತು ಮುಗಿದಾಗ ರನ್.

ನಿಯಮ ಪುಸ್ತಕದ 5.05 ಇದನ್ನು ಒಂದೇ ವಾಕ್ಯದಲ್ಲಿ ಕಟ್ಟಿಹಾಕಿದೆ: ಗಡಿಗೆರೆಗಳ ಒಳಗೆ ಹೊಡೆದ (‘ಫೇರ್’) ಚೆಂಡು ಹೋಮ್ ಪ್ಲೇಟಿನಿಂದ 250 ಅಡಿ ಅಥವಾ ಅದಕ್ಕಿಂತ ದೂರದ ಬೇಲಿಯನ್ನು ದಾಟಿದರೆ, ಎಲ್ಲ ಬೇಸ್‌ಗಳನ್ನು ಕ್ರಮವಾಗಿ ಮುಟ್ಟಿದಾಗ ಬ್ಯಾಟರ್‌ಗೆ ಹೋಮ್ ರನ್. ಬೇಲಿ 250 ಅಡಿಗಿಂತ ಹತ್ತಿರವಿದ್ದರೆ ಎರಡು ಬೇಸ್ ಮಾತ್ರ. ಬೇಸಿನಿಂದ ಬೇಸಿಗೆ 90 ಅಡಿ, ಒಟ್ಟು ಸುತ್ತು 360 ಅಡಿ. ಆದ್ದರಿಂದ ಬೇಸ್ ಮುಟ್ಟುವುದನ್ನು ಬರೀ ತಾಂತ್ರಿಕ ವಿಷಯ ಎನ್ನುವವರ ಜೊತೆ ನಮಗೆ ಸ್ವಲ್ಪ ತಕರಾರಿದೆ. ಅದು ಹೋಮ್ ರನ್ನಿಗೆ ಅಂಟಿಸಿದ ಷರತ್ತಲ್ಲ, ಹೋಮ್ ರನ್ನಿನ ಒಂದು ಭಾಗ.

ತಪ್ಪಿಸಿಕೊಂಡ ಬೇಸಿಗೆ ಹಿಂದಿರುಗುವುದಕ್ಕೆ ಅವಕಾಶ ಇದೆಯೆ?

ಇದೆ, ಆದರೆ ಗಡುವಿದೆ. ಚೆಂಡು ಗೋಡೆ ದಾಟಿದ ಮೇಲೆ ಅದು ‘ಸತ್ತ’ ಚೆಂಡು. ಆಗ ಎರಡು ನಿರ್ಬಂಧ ಅನ್ವಯಿಸುತ್ತವೆ. ತಪ್ಪಿಸಿದ ಬೇಸಿನ ಮುಂದಿನ ಬೇಸನ್ನು ಮುಟ್ಟಿಬಿಟ್ಟರೆ ಹಿಂದಕ್ಕೆ ಬರುವ ಹಾಗಿಲ್ಲ. ಹಾಗೆಯೇ, ಹಿಂದೆ ಓಡಿಬರುತ್ತಿದ್ದ ರನ್ನರ್ ಹೋಮ್ ಪ್ಲೇಟ್ ಮುಟ್ಟಿ ರನ್ ಗಳಿಸಿದ ಮೇಲೆ ಅವರಿಗಿಂತ ಮುಂದೆ ಓಡಿದ ರನ್ನರ್ ತನ್ನ ತಪ್ಪನ್ನು ತಿದ್ದಿಕೊಳ್ಳುವ ಹಾಗಿಲ್ಲ.

ಇದನ್ನು ವಿವರಿಸಲು ನಿಯಮ ಪುಸ್ತಕವೇ ಕೊಡುವ ಉದಾಹರಣೆ ಮೆಕ್‌ಗ್ವಾಯರ್ ಪ್ರಸಂಗವನ್ನು ಹೋಲುತ್ತದೆ: ಬ್ಯಾಟರ್ ಚೆಂಡನ್ನು ಮೈದಾನದಾಚೆ ಹೊಡೆದು ಫಸ್ಟ್ ಬೇಸ್ ತಪ್ಪಿಸಿದರೆ, ಸೆಕೆಂಡ್ ಬೇಸ್ ಮುಟ್ಟುವ ಮೊದಲು ಹಿಂದಿರುಗಿ ಸರಿಪಡಿಸಬಹುದು. ಸೆಕೆಂಡ್ ಮುಟ್ಟಿದ ಮೇಲೆ ಆಗದು, ಎದುರಾಳಿ ಅಪೀಲ್ ಮಾಡಿದರೆ ಔಟ್. ಮೆಕ್‌ಗ್ವಾಯರ್ ಫಸ್ಟ್ ಬೇಸಿನ ಆಸುಪಾಸಿನಲ್ಲೇ ಇದ್ದರು. ನಿಯಮದ ದೃಷ್ಟಿಯಿಂದ ಅದರಲ್ಲಿ ಒಂದು ಕೂದಲಿನಷ್ಟೂ ಕೊರತೆ ಇಲ್ಲ.

ಅವರು ಹಿಂದಿರುಗದೇ ಇದ್ದಿದ್ದರೆ?

ಕಬ್ಸ್ ಸುಮ್ಮನಿದ್ದಿದ್ದರೆ 62 ದಾಖಲೆಯಾಗಿಯೇ ಉಳಿಯುತ್ತಿತ್ತು. ಅಪೀಲ್ ಮಾಡಿ ಗೆದ್ದಿದ್ದರೆ ಹೋಮ್ ರನ್ ಇರಲಿ, ಆ ಹೊಡೆತ ಒಂದು ‘ಹಿಟ್’ ಆಗಿಯೂ ಉಳಿಯುತ್ತಿರಲಿಲ್ಲ. ಬೇಸ್ ತಪ್ಪಿಸಿ ಔಟಾದವರಿಗೆ ಸ್ಕೋರರ್ ಎಷ್ಟು ಕೊಡಬೇಕು ಎಂಬುದಕ್ಕೆ ಲೆಕ್ಕವಿದೆ. ಕೊನೆಗೆ ಸುರಕ್ಷಿತವಾಗಿ ತಲುಪಿದ ಬೇಸ್ ಯಾವುದೋ ಅಷ್ಟೇ:

ಹೋಮ್ ಪ್ಲೇಟ್ ತಪ್ಪಿಸಿದರೆ ಟ್ರಿಪಲ್ (ಮೂರು ಬೇಸಿನ ಹೊಡೆತ),
ಥರ್ಡ್ ತಪ್ಪಿಸಿದರೆ ಡಬಲ್ (ಎರಡು ಬೇಸಿನದು),
ಸೆಕೆಂಡ್ ತಪ್ಪಿಸಿದರೆ ಸಿಂಗಲ್ (ಒಂದು ಬೇಸಿನದು),
ಫಸ್ಟ್ ತಪ್ಪಿಸಿದರೆ ಏನೂ ಇಲ್ಲ, ಒಂದು ವಿಫಲ ಸರದಿ ಅಷ್ಟೆ.

ಫಸ್ಟ್ ಬೇಸ್ ತಪ್ಪಿಸುವುದು ಎಲ್ಲಕ್ಕಿಂತ ದುಬಾರಿ ಎನ್ನಲು ಇನ್ನೊಂದು ಕಾರಣವಿದೆ. ಬ್ಯಾಟರ್ ಫಸ್ಟ್ ಬೇಸ್ ತಲುಪುವ ಮೊದಲೇ ಮೂರನೇ ಔಟ್ ಆದರೆ ಆ ಹೊಡೆತದಲ್ಲಿ ಯಾರ ರನ್ನೂ ಲೆಕ್ಕಕ್ಕಿಲ್ಲ. ಎರಡು ಔಟ್ ಆಗಿರುವಾಗ, ಮೂರೂ ಬೇಸ್ ತುಂಬಿರುವಾಗ ಹೋಮ್ ರನ್ ಹೊಡೆದು ಫಸ್ಟ್ ಬೇಸ್ ತಪ್ಪಿಸಿ, ಅಪೀಲಿನಲ್ಲಿ ಔಟಾದರೆ ನಾಲ್ಕಕ್ಕೆ ನಾಲ್ಕು ರನ್ನೂ ಹೋದಂತೆ. ಅದೇ ಬ್ಯಾಟರ್ ಸೆಕೆಂಡ್ ತಪ್ಪಿಸಿದ್ದರೆ, ಮುಂದೆ ಓಡಿ ಪ್ಲೇಟ್ ಮುಟ್ಟಿದ ಮೂವರ ರನ್ ಉಳಿಯುತ್ತಿತ್ತು.

ಅಪೀಲ್ ಮಾಡುವುದು ಹೇಗೆ? ಎಲ್ಲಿ ಕೆಡುತ್ತದೆ?

ಕೂಗಿದರೆ ಸಾಲದು. ಮೇಜರ್ ಲೀಗ್‌ನಲ್ಲಿ ಚೆಂಡು ಆಟದಲ್ಲಿರುವಾಗ ಮಾತ್ರ ಅಪೀಲ್ ನಡೆಯುತ್ತದೆ. ಹೋಮ್ ರನ್ ಆದ ಮೇಲೆ ಚೆಂಡು ಸತ್ತಿರುವುದರಿಂದ ಮೊದಲು ಅದಕ್ಕೆ ಜೀವ ಬರಬೇಕು. ಕ್ರಮ ಹೀಗೆ: ಅಂಪೈರ್ ಪಿಚರ್‌ಗೆ (ಬ್ಯಾಟರ್‌ಗೆ ಚೆಂಡು ಎಸೆಯುವವರಿಗೆ) ಹೊಸ ಚೆಂಡು ಕೊಡುತ್ತಾರೆ. ಪಿಚರ್ ಅದನ್ನು ಹಿಡಿದು ದಿಬ್ಬದ ಮೇಲಿನ ರಬ್ಬರ್ ಪಟ್ಟಿಯ ಮೇಲೆ ನಿಲ್ಲುತ್ತಾರೆ. ಅಂಪೈರ್ ‘ಪ್ಲೇ’ ಎನ್ನುತ್ತಾರೆ. ಆಮೇಲೆ ಪಿಚರ್ ಪಟ್ಟಿಯಿಂದ ಕಾಲು ಹಿಂದೆ ತೆಗೆದು, ತಪ್ಪಿಸಿದ ಬೇಸಿನಲ್ಲಿರುವ ಫೀಲ್ಡರ್‌ಗೆ ಚೆಂಡು ಎಸೆಯುತ್ತಾರೆ. ಫೀಲ್ಡರ್ ಚೆಂಡು ಕೈಯಲ್ಲಿಟ್ಟುಕೊಂಡು ಬೇಸ್ ತುಳಿದು, ಯಾವ ರನ್ನರ್ ಈ ಬೇಸ್ ಮುಟ್ಟಲಿಲ್ಲ ಎಂಬುದನ್ನು ಅಂಪೈರ್‌ಗೆ ಸ್ಪಷ್ಟವಾಗಿ ಹೇಳುತ್ತಾರೆ. ಅಂಪೈರ್ ಔಟ್ ಅಥವಾ ಸೇಫ್ ಎನ್ನುತ್ತಾರೆ.

ಕೆಡುವ ದಾರಿಗಳು ಹಲವು. ಮುಂದಿನ ಚೆಂಡನ್ನು ಬ್ಯಾಟರ್‌ಗೆ ಎಸೆದುಬಿಟ್ಟರೆ ಅಪೀಲಿನ ಹಕ್ಕು ಮುಗಿಯಿತು. ಪಿಚರ್ ಅವಸರದಲ್ಲಿ ಬಾಕ್ ಮಾಡಿದರೂ, ಅಂದರೆ ನಿಯಮಕ್ಕೆ ಒಪ್ಪದ ಚಲನೆ ಮಾಡಿದರೂ, ಅದು ಮುಂದಿನ ಆಟ ನಡೆದಂತೆಯೇ ಲೆಕ್ಕ, ಹಕ್ಕು ಹೋಯಿತು. ಬೇಸಿಗೆ ಎಸೆದ ಚೆಂಡು ಫೀಲ್ಡರ್ ಕೈಗೆ ಸಿಗದೆ ಮೈದಾನದಾಚೆ ಹೋದರೆ ಅದೇ ರನ್ನರ್ ಮೇಲೆ ಅದೇ ಬೇಸಿನಲ್ಲಿ ಎರಡನೇ ಅಪೀಲ್ ಇಲ್ಲ. ಚೆಂಡು ಹಿಡಿದ ಫೀಲ್ಡರ್ ಅಕಸ್ಮಾತ್ ಬೇಸ್ ತುಳಿದರೆ ಅದು ಅಪೀಲ್ ಅಲ್ಲ, ಉದ್ದೇಶ ಎದ್ದು ಕಾಣಬೇಕು. ಇನಿಂಗ್ ಅಥವಾ ಪಂದ್ಯವನ್ನೇ ಮುಗಿಸಿದ ಹೊಡೆತವಾದರೆ, ಪಿಚರ್ ಮತ್ತು ಎಲ್ಲ ಇನ್‌ಫೀಲ್ಡರ್‌ಗಳು ಡಗೌಟ್ ಕಡೆ ಹೊರಟು ಫೌಲ್ ಗೆರೆ (ಮೈದಾನದ ಪಕ್ಕದ ಗಡಿಗೆರೆ) ದಾಟುವ ಮೊದಲು ಅಪೀಲ್ ಆಗಬೇಕು. ಸೋತ ತಂಡ ತಲೆ ತಗ್ಗಿಸಿ ಬೇಗ ಹೊರಟುಬಿಡುವುದು ಸಹಜವಾದ್ದರಿಂದ ಈ ಕೊನೆಯದೇ ಎಲ್ಲಕ್ಕಿಂತ ಅಪಾಯಕಾರಿ.

1951ರ ಅಕ್ಟೋಬರ್ 3ರಂದು ನ್ಯೂಯಾರ್ಕ್ ಜೈಂಟ್ಸ್‌ನ ಬಾಬಿ ಥಾಮ್ಸನ್ ಹೊಡೆದ ಹೋಮ್ ರನ್ನಿನಿಂದ ಬ್ರೂಕ್ಲಿನ್ ಡಾಜರ್ಸ್‌ನ ಋತುವೇ ಮುಗಿಯಿತು. ಉಳಿದ ಡಾಜರ್ಸ್ ಆಟಗಾರರು ಹೊರಟರೂ ಜಾಕಿ ರಾಬಿನ್ಸನ್ ನಿಂತು, ಥಾಮ್ಸನ್ ಒಂದೊಂದೇ ಬೇಸ್ ಮುಟ್ಟುವುದನ್ನು ನೋಡುತ್ತಿದ್ದರು. ಅದನ್ನು ಸಣ್ಣತನ ಎನ್ನುವವರುಂಟು. ನಮ್ಮ ಪ್ರಕಾರ ಅದು ಕೊನೆಯ ಔಟ್‌ವರೆಗೂ ಕೆಲಸ ಬಿಡದ ಆಟಗಾರನ ಲಕ್ಷಣ.

ಅಮೆರಿಕದ ಹೈಸ್ಕೂಲ್ ನಿಯಮಗಳಲ್ಲಿ ಚೆಂಡು ಸತ್ತಿರುವಾಗಲೇ ಬಾಯಿಮಾತಿನ ಅಪೀಲ್ ಮಾಡಬಹುದು. ಮಕ್ಕಳ ಪಂದ್ಯಕ್ಕೆ ಹೋಗುವವರು ಆ ಲೀಗಿನ ನಿಯಮ ಯಾವುದೆಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಅಂಪೈರ್ ಕಣ್ಣಾರೆ ಕಂಡರೂ ಸುಮ್ಮನಿರುತ್ತಾರಾ?

ಹೌದು, ಸುಮ್ಮನಿರಲೇಬೇಕು. ಬೇಸ್ ತಪ್ಪಿಸಿದ್ದನ್ನು ಗಮನಿಸುವುದು ಎದುರಾಳಿ ತಂಡದ ಹೊಣೆ. ಅಂಪೈರ್ ಬಾಯಿ ಬಿಟ್ಟರೆ ಒಂದು ತಂಡದ ಕೆಲಸವನ್ನು ಅವರು ಮಾಡಿದಂತಾಗುತ್ತದೆ.

ಕೋಚ್ ಹೇಳಿದ್ದಕ್ಕೆ ಹಿಂದಿರುಗಿದ್ದು ಮೋಸವಲ್ಲವೆ?

ಅಲ್ಲ. ಕೋಚ್ ಅಲ್ಲಿ ನಿಂತಿರುವುದೇ ಹೇಳುವುದಕ್ಕೆ. ಕೂಗಬಹುದು, ಕೈ ತೋರಿಸಬಹುದು. ಫಸ್ಟ್ ಅಥವಾ ಥರ್ಡ್ ಬೇಸಿನ ಕೋಚ್ ರನ್ನರ್‌ನನ್ನು ಹಿಡಿದು, ತಳ್ಳಿ ಅಥವಾ ಎಳೆದು ಬೇಸಿಗೆ ಮರಳಲು ಇಲ್ಲವೆ ಬೇಸ್ ಬಿಡಲು ದೈಹಿಕವಾಗಿ ನೆರವಾದರೆ ಮಾತ್ರ ನಿಯಮ 6.01 ಅಡ್ಡ ಬರುತ್ತದೆ. ಅದು ನೆರವು ಹೌದೋ ಅಲ್ಲವೋ ಎಂದು ತೀರ್ಮಾನಿಸುವವರು ಅಂಪೈರ್. ಹೋಮ್ ರನ್ ಸುತ್ತಿನಲ್ಲಿ ಕೈಗೆ ಕೈ ಬಡಿಯುವುದು, ಬೆನ್ನು ತಟ್ಟುವುದು ನೆರವಿನ ಲೆಕ್ಕಕ್ಕೆ ಬರುವುದಿಲ್ಲ.

ಅಷ್ಟು ದೊಡ್ಡ ಹೋಮ್ ರನ್ನಿಗೆ ಇಷ್ಟು ಸಣ್ಣ ತಪ್ಪು ಅಡ್ಡ ಬರಬೇಕೆ?

ನಮ್ಮ ಉತ್ತರ: ನಿಯಮದ ದಾರಿಯಲ್ಲಿ ಬಂದರೆ ಬರಬೇಕು, ಬೇರೆ ದಾರಿಯಲ್ಲಿ ಬರಬಾರದು.

ಎದುರು ವಾದ ಗಟ್ಟಿಯಾಗಿಯೇ ಇದೆ. ಚೆಂಡು ಪ್ರೇಕ್ಷಕರ ನಡುವೆ ಬಿದ್ದಿದೆ, ಯಾವ ಫೀಲ್ಡರ್‌ಗೂ ಅದು ಸಿಗುವುದಿಲ್ಲ, ಬೇಸನ್ನು ಒಂದು ಇಂಚು ತಪ್ಪಿಸಿದ್ದರಿಂದ ಬ್ಯಾಟರ್‌ಗೆ ಸಿಕ್ಕ ಲಾಭ ಸೊನ್ನೆ. ಲಾಭವಿಲ್ಲದ ತಪ್ಪಿಗೆ ಶಿಕ್ಷೆ ಯಾಕೆ? ಈ ಮಾತನ್ನು ನಿಯಮವೂ ಅರ್ಧ ಒಪ್ಪಿಕೊಂಡಿದೆ. ಆದ್ದರಿಂದಲೇ ಬೇಸ್ ತಪ್ಪಿಸಿದವರು ತಾನಾಗಿ ಔಟಾಗುವುದಿಲ್ಲ. ಮೊದಲು ತಿದ್ದಿಕೊಳ್ಳುವ ಅವಕಾಶ, ನಂತರ ಎದುರಾಳಿಯ ಕಣ್ಣು ತಪ್ಪುವ ಸಾಧ್ಯತೆ, ಅದಾದ ಮೇಲೆ ಸರಿಯಾದ ವಿಧಾನದಲ್ಲಿ, ಸಮಯಕ್ಕೆ ಅಪೀಲ್ ಮಾಡಬೇಕಾದ ಕಷ್ಟ. ಇಷ್ಟು ಜರಡಿ ದಾಟಿಯೂ ಔಟ್ ಎಂದು ತೀರ್ಮಾನವಾದರೆ ಹೊಡೆತದ ಹೆಸರು ದೊಡ್ಡದು ಎಂಬ ಕಾರಣಕ್ಕೆ ಅದನ್ನು ಬಿಡಲಾಗದು.

2021ರ ಜೂನ್ 8ರಂದು ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಕೀಬ್ರಯನ್ ಹೇಯ್ಸ್, ಲಾಸ್ ಏಂಜಲೀಸ್ ಡಾಜರ್ಸ್‌ನ ವಾಕರ್ ಬ್ಯೂಲರ್ ಚೆಂಡನ್ನು ಮೊದಲ ಇನಿಂಗ್‌ನಲ್ಲೇ ಬಲಗಡೆ ಗೋಡೆಯಾಚೆ ಕಳಿಸಿದರು. ಚೆಂಡು ಫೌಲ್ ಆಗುತ್ತದೋ ಏನೋ ಎಂದು ಅತ್ತ ನೋಡುತ್ತ ಓಡಿದ ಅವರ ಕಾಲು ಫಸ್ಟ್ ಬೇಸಿನ ಪಕ್ಕಕ್ಕೆ ಬಿತ್ತು. ಡಾಜರ್ಸ್ ಪ್ರಶ್ನಿಸಿತು, ವಿಡಿಯೊ ನೋಡಿ ಔಟ್ ಕೊಟ್ಟರು, ಹೋಮ್ ರನ್ ಅಳಿಸಿಹೋಯಿತು. ಹೇಯ್ಸ್ ಆಗಿನ್ನೂ ಹೊಸಬರು. ಹೊಸಬರ ಹೋಮ್ ರನ್ ಹೋಗಬಹುದು, ದಾಖಲೆ ಮುರಿಯುವ ತಾರೆಯದು ಹೋಗಬಾರದು ಎಂದರೆ ಅದು ಎರಡು ತಕ್ಕಡಿ ಇಟ್ಟುಕೊಂಡಂತೆ.

ಇಂಥ ತಪ್ಪಿನಿಂದ ಇಡೀ ಋತುವಿನ ಫಲಿತಾಂಶ ಬದಲಾಗಿದ್ದುಂಟೆ?

ಉಂಟು, ಹೋಮ್ ರನ್ನಿನಲ್ಲಲ್ಲ, ಒಂದು ಸಿಂಗಲ್‌ನಲ್ಲಿ. 1908ರ ಸೆಪ್ಟೆಂಬರ್ 23, ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್. ಜೈಂಟ್ಸ್ ಮತ್ತು ಕಬ್ಸ್ 1-1 ಸಮ. ಒಂಬತ್ತನೇ ಇನಿಂಗ್‌ನಲ್ಲಿ ಎರಡು ಔಟ್ ಆಗಿದ್ದಾಗ ಆಲ್ ಬ್ರಿಡ್‌ವೆಲ್ ಸಿಂಗಲ್ ಹೊಡೆದರು, ಥರ್ಡ್ ಬೇಸಿನಲ್ಲಿದ್ದವರು ಓಡಿ ರನ್ ಗಳಿಸಿದರು, ಜನ ಮೈದಾನಕ್ಕೆ ನುಗ್ಗಿದರು. ಫಸ್ಟ್ ಬೇಸಿನಲ್ಲಿದ್ದ 19ರ ಹುಡುಗ ಫ್ರೆಡ್ ಮರ್ಕಲ್ ಸೆಕೆಂಡ್ ಮುಟ್ಟದೆ ಕ್ಲಬ್‌ಹೌಸ್ ಕಡೆ ತಿರುಗಿದರು. ಕಬ್ಸ್‌ನ ಜಾನಿ ಎವರ್ಸ್ ಚೆಂಡು ತರಿಸಿಕೊಂಡು ಸೆಕೆಂಡ್ ಬೇಸ್ ತುಳಿದರು. ಅಂಪೈರ್ ಹ್ಯಾಂಕ್ ಓಡೇ ಔಟ್ ಕೊಟ್ಟರು, ರನ್ ಹೋಯಿತು, ಪಂದ್ಯ ಸಮ ಎಂದಾಯಿತು. ಋತು ಮುಗಿದಾಗ ಎರಡೂ ತಂಡ ಸರಿಸಮ. ಅಕ್ಟೋಬರ್ 8ರಂದು ಆ ಪಂದ್ಯವನ್ನು ಮತ್ತೆ ಆಡಿಸಿದರು, ಕಬ್ಸ್ ಗೆದ್ದಿತು, ವರ್ಲ್ಡ್ ಸೀರೀಸನ್ನೂ ಗೆದ್ದಿತು. ಒಂದು ಮುಟ್ಟದ ಬೇಸಿನ ಬಲದಿಂದ ಆ ವರ್ಷ ಪಟ್ಟಕ್ಕೇರಿದ ತಂಡವೇ 90 ವರ್ಷದ ಬಳಿಕ ಮೆಕ್‌ಗ್ವಾಯರ್‌ರನ್ನು ಅಪ್ಪಿಕೊಂಡದ್ದು.

ಮುಂದಿರುವ ರನ್ನರ್‌ನನ್ನು ದಾಟಿದರೆ ಏನಾಗುತ್ತದೆ?

ಇದು ಬೇಸ್ ತಪ್ಪಿಸುವುದಕ್ಕಿಂತ ಕಠಿಣ. ತಿದ್ದಿಕೊಳ್ಳುವ ಅವಕಾಶವಿಲ್ಲ, ಅಪೀಲೂ ಬೇಕಿಲ್ಲ. ಮುಂದಿನ ರನ್ನರ್ ಇನ್ನೂ ಔಟಾಗದೆ ಇರುವಾಗ ಹಿಂದಿನವರು ಅವರನ್ನು ದಾಟಿದ ಕ್ಷಣದಲ್ಲೇ ದಾಟಿದವರು ಔಟ್. ಅಂಪೈರ್ ತಾವಾಗಿಯೇ ಕೊಡುತ್ತಾರೆ. ತಪ್ಪು ಬಹುಪಾಲು ಮುಂದಿನವರದು, ದಂಡ ತೆರುವವರು ಹೋಮ್ ರನ್ ಹೊಡೆದವರು!

1931ರ ಏಪ್ರಿಲ್ 26ರಂದು ವಾಷಿಂಗ್ಟನ್‌ನಲ್ಲಿ ಲೂ ಗೆಹ್ರಿಗ್ ಹೊಡೆದ ಚೆಂಡು ಆಸನಗಳಿಗೆ ಬಡಿದು ಫೀಲ್ಡರ್ ಕೈಗೆ ಪುಟಿದು ಬಂತು. ಮುಂದೆ ಓಡುತ್ತಿದ್ದ ಲಿನ್ ಲೇರಿ ಅದು ಕ್ಯಾಚ್ ಎಂದುಕೊಂಡು ಥರ್ಡ್ ಬೇಸ್ ಬಳಿಯಿಂದ ಡಗೌಟ್‌ಗೆ ಹೋಗಿಬಿಟ್ಟರು. ತಲೆ ತಗ್ಗಿಸಿ ಓಡುತ್ತಿದ್ದ ಗೆಹ್ರಿಗ್ ಔಟ್. ಹೋಮ್ ರನ್ ಬದಲು ಟ್ರಿಪಲ್ ಸಿಕ್ಕಿತು. ಆ ಋತುವಿನ ಕೊನೆಯಲ್ಲಿ ಗೆಹ್ರಿಗ್ ಮತ್ತು ಬೇಬ್ ರೂತ್ ಇಬ್ಬರದೂ 46. ಆ ಒಂದು ಸಿಕ್ಕಿದ್ದರೆ ಕಿರೀಟ ಗೆಹ್ರಿಗ್ ಒಬ್ಬರದೇ.

1959ರ ಮೇ 26ರದು ಇನ್ನೂ ಪ್ರಸಿದ್ಧ. ಮಿಲ್ವಾಕಿಯಲ್ಲಿ ಪಿಟ್ಸ್‌ಬರ್ಗ್‌ನ ಹಾರ್ವಿ ಹ್ಯಾಡಿಕ್ಸ್ 12 ಇನಿಂಗ್ಸ್‌ನಲ್ಲಿ 36 ಬ್ಯಾಟರ್‌ಗಳನ್ನು ಒಬ್ಬರನ್ನೂ ಬೇಸಿಗೆ ಬಿಡದೆ ಔಟ್ ಮಾಡಿದ್ದರು. ಇತ್ತ ಲೂ ಬರ್ಡೆಟ್ ಕೂಡ ರನ್ ಬಿಟ್ಟಿರಲಿಲ್ಲ. 13ನೇ ಇನಿಂಗ್‌ನಲ್ಲಿ ಡಾನ್ ಹೋಕ್ ತಪ್ಪಿನಿಂದ ಫೀಲಿಕ್ಸ್ ಮಂಟಿಲಾ ಬೇಸಿಗೆ ಬಂದರು, ಎಡ್ಡಿ ಮ್ಯಾಥ್ಯೂಸ್ ಬಂಟ್ ಮಾಡಿ (ಚೆಂಡನ್ನು ಮೆತ್ತಗೆ ತಟ್ಟಿ) ಅವರನ್ನು ಮುಂದಕ್ಕೆ ಕಳಿಸಿದರು, ಹ್ಯಾಂಕ್ ಆರನ್‌ಗೆ ಬೇಕೆಂದೇ ವಾಕ್ (ಹೊಡೆಯದೆಯೇ ಫಸ್ಟ್ ಬೇಸಿಗೆ ಹೋಗುವ ಅವಕಾಶ) ಕೊಟ್ಟರು. ಜೋ ಆಡ್‌ಕಾಕ್ ಚೆಂಡನ್ನು ಬೇಲಿಯಾಚೆ ಹೊಡೆದರು. ಅದು ದಾಟಿದ್ದು ತಿಳಿಯದ ಆರನ್, ಮಂಟಿಲಾ ರನ್ ಗಳಿಸಿದರೆ ಪಂದ್ಯ ಮುಗಿಯಿತೆಂದು ಸೆಕೆಂಡ್ ಮುಟ್ಟಿ ಡಗೌಟ್ ಕಡೆ ತಿರುಗಿದರು. ಆಡ್‌ಕಾಕ್ ಅವರನ್ನು ದಾಟಿದರು. ನ್ಯಾಷನಲ್ ಲೀಗ್ ಅಧ್ಯಕ್ಷ ವಾರನ್ ಜೈಲ್ಸ್ ತೀರ್ಪು: ಹೋಮ್ ರನ್ ಅಲ್ಲ, ಡಬಲ್, ಅಂತಿಮ ಅಂಕ 1-0. ಹ್ಯಾಡಿಕ್ಸ್ ಸೋಲಿಗೆ ಅದರಿಂದ ವ್ಯತ್ಯಾಸವಾಗಲಿಲ್ಲ, ಪಾಪ.

ಈಗಲೂ ಇದು ನಡೆಯುತ್ತದೆ. 2021ರ ಏಪ್ರಿಲ್ 1ರಂದು ಡೆನ್ವರ್‌ನಲ್ಲಿ ಕೋಡಿ ಬೆಲಿಂಜರ್ ಹೊಡೆದ ಚೆಂಡು ಫೀಲ್ಡರ್ ಗ್ಲವ್‌ಗೆ ತಾಗಿ ಗೋಡೆಯಾಚೆ ಬಿತ್ತು. ಕ್ಯಾಚ್ ಎಂದು ಭಾವಿಸಿದ ಜಸ್ಟಿನ್ ಟರ್ನರ್ ಹಿಂದಕ್ಕೆ ಓಡಿದರು, ದಾರಿಯಲ್ಲಿ ಇಬ್ಬರೂ ಅದಲುಬದಲಾದರು. ಬೆಲಿಂಜರ್‌ಗೆ ಒಂದು ಸಿಂಗಲ್, ಒಂದು ಔಟ್.

ವೆಂಚುರಾ ‘ಗ್ರ್ಯಾಂಡ್ ಸ್ಲ್ಯಾಮ್ ಸಿಂಗಲ್’ ಎಂದರೇನು?

1999ರ ಅಕ್ಟೋಬರ್ 17, ನ್ಯೂಯಾರ್ಕ್‌ನ ಶೇ ಸ್ಟೇಡಿಯಂ. ನ್ಯಾಷನಲ್ ಲೀಗ್ ಫೈನಲ್ ಸರಣಿಯಲ್ಲಿ ಅಟ್ಲಾಂಟಾ ಬ್ರೇವ್ಸ್ 3-1ರಿಂದ ಮುಂದೆ, ಮೆಟ್ಸ್ ಸೋತರೆ ಮನೆಗೆ. ಐದನೇ ಪಂದ್ಯ 15ನೇ ಇನಿಂಗ್‌ವರೆಗೆ ಎಳೆಯಿತು, ಒಟ್ಟು 5 ಗಂಟೆ 46 ನಿಮಿಷ. ಬ್ರೇವ್ಸ್ 3-2 ಮುಂದಿದ್ದಾಗ ಟಾಡ್ ಪ್ರ್ಯಾಟ್‌ಗೆ ಸಿಕ್ಕ ವಾಕ್‌ನಿಂದ 3-3 ಆಯಿತು, ಮೂರೂ ಬೇಸ್ ತುಂಬಿದ್ದವು. ಮುಂದಿನ ಬ್ಯಾಟರ್ ವೆಂಚುರಾ, ಕೆವಿನ್ ಮೆಕ್‌ಗ್ಲಿಂಚಿ ಎಸೆತವನ್ನು ಗೋಡೆಯಾಚೆ ಕಳಿಸಿದರು. ಥರ್ಡ್‌ನಲ್ಲಿದ್ದ ರೋಜರ್ ಸೆಡೆನ್ಯೊ ಗೆಲುವಿನ ರನ್ ಗಳಿಸಿದರು. ಫಸ್ಟ್‌ನಿಂದ ಓಡಿದ್ದ ಪ್ರ್ಯಾಟ್ ಹಿಂದಿರುಗಿ ಬಂದು ವೆಂಚುರಾರನ್ನು ಎತ್ತಿ ಅಪ್ಪಿಕೊಂಡರು. ತಂಡವೆಲ್ಲ ಮೇಲೆ ಬಿತ್ತು. ವೆಂಚುರಾ ಸೆಕೆಂಡ್ ಬೇಸಿಗೆ ಹೋಗಲೇ ಇಲ್ಲ.

1920ರಿಂದ ಇರುವ ನಿಯಮದ ಪ್ರಕಾರ, ಪಂದ್ಯ ಮುಗಿಸುವ ಹೋಮ್ ರನ್ನಿನಲ್ಲಿ ಬ್ಯಾಟರ್‌ಗೂ ಬೇಸಿನಲ್ಲಿದ್ದವರಿಗೂ ರನ್ ಗಳಿಸುವ ಹಕ್ಕಿದೆ. ಹಕ್ಕಿದೆ ಅಷ್ಟೆ, ಓಡಿ ಪಡೆಯಬೇಕು. ವೆಂಚುರಾ ಓಡಿದ್ದು ಒಂದು ಬೇಸ್. ಆದ್ದರಿಂದ 7-3 ಆಗಬೇಕಿದ್ದದ್ದು 4-3, ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್ ತುಂಬಿದಾಗಿನ ಹೋಮ್ ರನ್) ಆಗಬೇಕಿದ್ದದ್ದು ಸಿಂಗಲ್. ಪ್ಲೇಆಫ್‌ನಲ್ಲಿ ಗ್ರ್ಯಾಂಡ್ ಸ್ಲ್ಯಾಮ್‌ನಿಂದ ಪಂದ್ಯ ಮುಗಿಸಿದ ಮೊದಲಿಗ ಎಂಬ ಹೆಸರು 2011ರಲ್ಲಿ ಟೆಕ್ಸಾಸ್‌ನ ನೆಲ್ಸನ್ ಕ್ರೂಸ್ ಪಾಲಾಯಿತು.

ಈ ಸಿಂಗಲ್ ನಮಗೆ ಅನ್ಯಾಯವಾಗಿ ಕಾಣುವುದಿಲ್ಲ. ಗೆಹ್ರಿಗ್‌ರದು ಮತ್ತೊಬ್ಬರ ತಪ್ಪು, ಹೊಟ್ಟೆ ಉರಿಯುತ್ತದೆ. ಇಲ್ಲಿ ಮೆಟ್ಸ್ ತಂಡ ತನಗೆ ಬೇಕಿದ್ದ ಗೆಲುವನ್ನು ಪಡೆದು, ಬೇಡದ ಮೂರು ರನ್ನನ್ನು ಮೈದಾನದಲ್ಲೇ ಬಿಟ್ಟಿತು. ಸರಣಿಯನ್ನು ಎರಡು ದಿನದ ಮೇಲೆ ಬ್ರೇವ್ಸ್ ಗೆದ್ದದ್ದು ಬೇರೆ ವಿಷಯ.

ಪ್ರೇಕ್ಷಕರು ಅಡ್ಡ ಬಂದರೆ?

1976ರ ಅಕ್ಟೋಬರ್ 14ರಂದು ಯಾಂಕೀಸ್‌ನ ಕ್ರಿಸ್ ಚ್ಯಾಂಬ್ಲಿಸ್, ಕಾನ್ಸಸ್ ಸಿಟಿಯ ಮಾರ್ಕ್ ಲಿಟೆಲ್ ಎಸೆತವನ್ನು ಆಚೆ ಕಳಿಸಿ 7-6ರಿಂದ ಅಮೆರಿಕನ್ ಲೀಗ್ ಗೆಲ್ಲಿಸಿದರು. ಅವರು ಸೆಕೆಂಡ್ ತಲುಪುವಷ್ಟರಲ್ಲಿ ಮೈದಾನ ಜನರಿಂದ ತುಂಬಿತ್ತು. ಕಿತ್ತು ಹಿಡಿದುಕೊಂಡಿದ್ದ ಬೇಸನ್ನು ಕೈಯಿಂದ ಮುಟ್ಟಿದರು. ಹೋಮ್ ಪ್ಲೇಟ್ ತಲುಪಲಾಗದೆ ಒಳಗೆ ಓಡಿದರು. ಆಮೇಲೆ ಪೊಲೀಸರ ಜೊತೆ ಮರಳಿ ಬಂದು ಪ್ಲೇಟ್ ಇದ್ದ ಜಾಗ ತುಳಿದರು, ಪ್ಲೇಟ್ ಅಷ್ಟರಲ್ಲಿ ಕಾಣೆಯಾಗಿತ್ತು. ಇಲ್ಲಿ ನಾವು ಯಾವ ಷರತ್ತೂ ಇಲ್ಲದೆ ಬ್ಯಾಟರ್ ಪರ. ಪ್ರೇಕ್ಷಕರ ಅಡ್ಡಿ ಆದಾಗ, ಅಡ್ಡಿ ಇಲ್ಲದಿದ್ದರೆ ಏನಾಗುತ್ತಿತ್ತೋ ಅದನ್ನೇ ಅಂಪೈರ್ ಕೊಡಬೇಕೆಂದು ನಿಯಮವೂ ಹೇಳುತ್ತದೆ.

ಸುತ್ತು ಮುಗಿಸುವ ಮೊದಲೇ ಗಾಯವಾದರೆ?

ಹಕ್ಕಿನ ಬೇಸಿಗೆ ಹೋಗಲಾಗದಂಥ ಗಾಯವಾದರೆ ಬದಲಿ ರನ್ನರ್ ಸುತ್ತು ಮುಗಿಸಬಹುದು. 2005ರ ಸೆಪ್ಟೆಂಬರ್ 14ರಂದು ಟೊರಾಂಟೊದಲ್ಲಿ ಬೋಸ್ಟನ್‌ನ ಟೋನಿ ಗ್ರಾಫನೀನೊ ಹೋಮ್ ರನ್ ಹೊಡೆದಾಗ ಮುಂದೆ ಓಡುತ್ತಿದ್ದ ಗೇಬ್ ಕ್ಯಾಪ್ಲರ್ ಹಿಮ್ಮಡಿಯ ಸ್ನಾಯುರಜ್ಜು ಹರಿದು ಬಿದ್ದರು. ಗ್ರಾಫನೀನೊ ಅವರನ್ನು ದಾಟದೆ ಹಿಂದೆ ನಿಂತರು, ಅಲೆಹಾಂಡ್ರೊ ಮಚಾದೊ ಬದಲಿಯಾಗಿ ಬಂದು ಓಡಿದರು, ಎರಡೂ ರನ್ ಉಳಿದವು.

2008ರ ಏಪ್ರಿಲ್ 26ರ ಕಾಲೇಜು ಸಾಫ್ಟ್‌ಬಾಲ್ ಪಂದ್ಯದಲ್ಲಿ ವೆಸ್ಟರ್ನ್ ಓರೆಗನ್‌ನ ಸಾರಾ ಟುಕೋಲ್‌ಸ್ಕಿ ಹೋಮ್ ರನ್ ಹೊಡೆದು, ಫಸ್ಟ್ ಬೇಸ್ ತಪ್ಪಿದ್ದು ತಿಳಿದು ಹಿಂದಿರುಗುವಾಗ ಮೊಣಕಾಲು ಕೈಕೊಟ್ಟಿತು. ಸ್ವಂತ ತಂಡದವರು ಮುಟ್ಟಿದರೆ ಔಟ್, ಬದಲಿ ಬಂದರೆ ಸಿಂಗಲ್ ಮಾತ್ರ ಎಂದು ಅಲ್ಲಿ ತೀರ್ಮಾನವಾಯಿತು. ಎದುರಾಳಿ ಸೆಂಟ್ರಲ್ ವಾಷಿಂಗ್ಟನ್‌ನ ಮ್ಯಾಲರಿ ಹೋಲ್ಟ್‌ಮನ್ ಮತ್ತು ಲಿಜ್ ವಾಲೇಸ್ ಅವರನ್ನು ಎತ್ತಿಕೊಂಡು ಸುತ್ತಿಸಿದರು, ಪ್ರತಿ ಬೇಸಿನಲ್ಲೂ ನಿಂತು ಕಾಲು ತಾಗಿಸುತ್ತ. ಬದಲಿ ಆಟಗಾರ್ತಿಯಿಂದಲೇ ಸುತ್ತು ಮುಗಿಸಬಹುದಿತ್ತು ಎಂದು ಆಮೇಲೆ ತಿಳಿಯಿತು.

ಹಳೆಯ ವಿಡಿಯೊ ನೋಡಿ ಈಗ ದಾಖಲೆ ತಿದ್ದಬಹುದೆ?

ಬೇಡ, ಆಗುವುದೂ ಇಲ್ಲ. ಮುಂದಿನ ಎಸೆತಕ್ಕೆ ಅಪೀಲಿನ ಬಾಗಿಲು ಮುಚ್ಚುತ್ತದೆ. 1918ರ ಜುಲೈ 8ರಂದು ರೂತ್ ಬೇಲಿಯಾಚೆ ಹೊಡೆದು ಪಂದ್ಯ ಗೆಲ್ಲಿಸಿದ್ದು ಆಗಿನ ನಿಯಮದಲ್ಲಿ ಟ್ರಿಪಲ್ ಆಯಿತು. ಈಗಿನ ನಿಯಮದಲ್ಲಿ ಹೋಮ್ ರನ್. ಆದರೂ ಅವರ ಒಟ್ಟು ಮೊತ್ತ 714 ಎಂದೇ ಉಳಿದಿದೆ.

ವಿಡಿಯೊ ಇಲ್ಲದೆಯೂ ಗಟ್ಟಿ ಪುರಾವೆ ಇಟ್ಟುಕೊಂಡ ಒಂದು ಪ್ರಸಂಗ ಹೇಳಲೇಬೇಕು. 1983ರ ಜುಲೈ 24ರಂದು ಕಾನ್ಸಸ್ ಸಿಟಿಯ ಜಾರ್ಜ್ ಬ್ರೆಟ್ ಹೋಮ್ ರನ್ನನ್ನು, ಬ್ಯಾಟಿನ ಮೇಲೆ ಪೈನ್ ಟಾರ್ (ಹಿಡಿತಕ್ಕೆ ಹಚ್ಚುವ ಅಂಟು) 18 ಇಂಚು ಮೀರಿದೆ ಎಂದು ಅಂಪೈರ್ ರದ್ದು ಮಾಡಿದರು. ಲೀಗ್ ಅಧ್ಯಕ್ಷ ಲೀ ಮ್ಯಾಕ್‌ಫೇಲ್ ಅದನ್ನು ಮರಳಿ ಕೊಟ್ಟರು. ಆಗಸ್ಟ್ 18ರಂದು ಪಂದ್ಯ ಅದೇ ಜಾಗದಿಂದ ಶುರುವಾದಾಗ ಯಾಂಕೀಸ್ ಮ್ಯಾನೇಜರ್ ಬಿಲ್ಲಿ ಮಾರ್ಟಿನ್, ಬ್ರೆಟ್ ಬೇಸ್ ಮುಟ್ಟಲಿಲ್ಲ ಎಂದು ಅಪೀಲ್ ಮಾಡಿಸಿದರು. ಮೈದಾನದಲ್ಲಿದ್ದ ಅಂಪೈರ್‌ಗಳು ಬೇರೆಯವರು, ಅವರೇನು ಕಂಡಿದ್ದಾರು? ಆದರೆ ಡೇವ್ ಫಿಲಿಪ್ಸ್ ಜೇಬಿನಿಂದ ನೋಟರಿ ಸಹಿಯ ಪತ್ರ ತೆಗೆದರು: ಬ್ರೆಟ್ ಎಲ್ಲ ಬೇಸ್ ಮುಟ್ಟಿದ್ದಾರೆಂದು ಜುಲೈ 24ರ ಅಂಪೈರ್‌ಗಳ ಪ್ರಮಾಣ.

ಮೆಕ್‌ಗ್ವಾಯರ್ 2010ರಲ್ಲಿ ಸ್ಟೀರಾಯ್ಡ್ ಒಪ್ಪಿಕೊಂಡರಲ್ಲ, ಇನ್ನು ಬೇಸಿನ ಮಾತೇಕೆ?

62ರ ಬಗ್ಗೆ ಬೇಸರ ಪಡಬೇಕೆಂದರೆ ಕಾರಣ ಅದೇ ಹೊರತು ಫಸ್ಟ್ ಬೇಸ್ ಅಲ್ಲ. ಎರಡನ್ನೂ ಕಲಸುವವರು ಸಣ್ಣ ತಪ್ಪನ್ನು ಹಿಗ್ಗಿಸಿ ದೊಡ್ಡದನ್ನು ಮರೆಸುತ್ತಾರೆ.

ಮಕ್ಕಳಿಗೆ ಆಡಿಸುತ್ತೇವೆ. ಬೇಸ್ ತಪ್ಪದಂತೆ ಕಲಿಸುವುದು ಹೇಗೆ?

ಬೇಸ್ ತಪ್ಪುವುದು ಸಾಮಾನ್ಯವಾಗಿ ಫಸ್ಟ್‌ನಲ್ಲಿ, ಚೆಂಡಿನ ಮೇಲೆ ಕಣ್ಣಿಟ್ಟು ಓಡುವುದರಿಂದ. ಚೆಂಡು ಹೊಡೆದ ಮೇಲೆ ಮೂರ್ನಾಲ್ಕು ಹೆಜ್ಜೆಗೆ ಒಮ್ಮೆ ಚೆಂಡು ನೋಡಲಿ, ಆಮೇಲೆ ಕಣ್ಣು ಬೇಸಿನ ಕಡೆ ಬರಲಿ, ಚೆಂಡಿನ ಸುದ್ದಿ ಕೋಚ್ ಹೇಳುತ್ತಾರೆ. ತಿರುವಿಗೆ ಮೊದಲು ಸ್ವಲ್ಪ ಹೊರಕ್ಕೆ ಬಾಗಿ, ಬೇಸಿನ ಒಳಮೂಲೆಯನ್ನು ತುಳಿದು ತಿರುಗಬೇಕು. ಎಡಗಾಲಾದರೂ ಸರಿ, ಬಲಗಾಲಾದರೂ ಸರಿ. ಕಾಲು ಹೊಂದಿಸಲು ಹೆಜ್ಜೆ ಗಿಡ್ಡ ಮಾಡುವಾಗಲೇ ಬೇಸ್ ತಪ್ಪುವುದು. ಮೇಜರ್ ಲೀಗ್ 2023ರಲ್ಲಿ ಬೇಸನ್ನು 15 ಇಂಚಿನಿಂದ 18 ಇಂಚಿಗೆ ಹಿಗ್ಗಿಸಿತು, ಆದರೂ ಅಂಚು ಸವರುವ ಅಭ್ಯಾಸ ಬೇಡ, ಅಂಪೈರ್‌ಗೆ ಕಾಣುವಂತೆ ತುಳಿಯಲಿ.

ಮುಂದೆ ರನ್ನರ್ ಇದ್ದರೆ ಬ್ಯಾಟರ್ ಅವರ ಬೆನ್ನು ನೋಡುತ್ತ ಓಡಲಿ. ಅವರು ನಿಂತರೆ ತಾನೂ ನಿಲ್ಲಲಿ. ಸಂಭ್ರಮದ ಅಪ್ಪುಗೆ ಏನಿದ್ದರೂ ಹೋಮ್ ಪ್ಲೇಟ್ ಮುಟ್ಟಿದ ಮೇಲೆ. ಫೀಲ್ಡಿಂಗ್ ತಂಡಕ್ಕೂ ಒಂದು ಪಾಠವಿದೆ: ಎದುರಾಳಿ ಹೋಮ್ ರನ್ ಹೊಡೆದಾಗ ಫಸ್ಟ್, ಸೆಕೆಂಡ್, ಥರ್ಡ್ ಬೇಸ್‌ಮನ್‌ಗಳು ತಮ್ಮ ತಮ್ಮ ಬೇಸಿನ ಹತ್ತಿರ ನಿಂತು ಕಾಲನ್ನೇ ನೋಡಲಿ, ಕ್ಯಾಚರ್ ಪ್ಲೇಟ್ ನೋಡಲಿ. ಏನಾದರೂ ಕಂಡರೆ ಪಿಚರ್ ಮುಂದಿನ ಚೆಂಡು ಎಸೆಯುವ ಮೊದಲು ಹೇಳಲಿ.